ಸೈಕಲ್ ಹೊತ್ತು ಕೊಡಚಾದ್ರಿಗೆ

ದಾವಣಗೆರೆಯಿಂದ ಕೊಡಚಾದ್ರಿಗೆ ಸೈಕಲ್ ಮೇಲೆ ಹೋಗಿಬರಬೇಕೆಂಬ ವಿಚಾರ ನಮ್ಮ ನಾಯಕನಿಗೆ ಹೊಳೆದದ್ದು ಕ್ಷೌರದಂಗಡಿಯಲ್ಲಿ. ಅಲ್ಲಿ ಬಿದ್ದಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇಬ್ಬರು ಬಿಳಿಯರು ಹಿಮದ ಬೆಟ್ಟವೊಂದನ್ನು ಬೆನ್ನಿಗಿಟ್ಟುಕೊಂಡು, ಸೈಕಲ್ ಹಿಡಿದು, ನಗುತ್ತಾ ನಿಂತಿದ್ದರಂತೆ. ಚಿತ್ರದ ಕೆಳಗೆ ಏನು ಬರೆದಿತ್ತೆಂದು ಅವನು ಓದಲಿಲ್ಲ. ಆ ಇಬ್ಬರ ಜಾಗದಲ್ಲಿ ತಾನು ನಿಂತರೆ ಹೇಗೆ ಕಾಣಬಹುದು ಎನ್ನುವುದಷ್ಟೇ ಅವನ ಕಣ್ಣಿಗೆ ಕಟ್ಟಿತ್ತು. ಗಲ್ಲದ ಒಂದು ಕಡೆ ಸೋಪಿನ ನೊರೆ ಹಾಗೇ ಇರುವಾಗಲೇ ಎದ್ದು, ರಸ್ತೆಯಲ್ಲಿ ಹೋಗುತ್ತಿದ್ದ ನನ್ನನ್ನು ಕೂಗಿ ನಿಲ್ಲಿಸಿದ.

ಅವನನ್ನು ನಾಯಕನೆಂದು ನಾವ್ಯಾರೂ ಆರಿಸಿರಲಿಲ್ಲ. ಅವರಪ್ಪನದು ಹತ್ತಿಯ ದಲಾಲಿ ಅಂಗಡಿ. ನಮ್ಮ ನಾಲ್ವರಲ್ಲಿ ಹೊಸ ಸೈಕಲ್ ಇದ್ದದ್ದು ಅವನೊಬ್ಬನಿಗೆ, ಅದಕ್ಕೆ ಡೈನಮೋ ದೀಪ ಬೇರೆ. ಕತ್ತಲಾದ ಮೇಲೆ ದೀಪ ಇದ್ದವನು ಮುಂದೆ, ಇಲ್ಲದವರು ಹಿಂದೆ ಎನ್ನುವುದು ನಮ್ಮ ರೂಢಿಯಾಗಿತ್ತು. ಬರಬರುತ್ತಾ ಅದು ಹಗಲಿಗೂ ಮುಂದುವರಿಯಿತು.

ಉಳಿದವರಲ್ಲಿ ಒಬ್ಬ ದವಾಖಾನೆಯೊಂದರಲ್ಲಿ ಕಾಂಪೌಂಡರ್. ಮಿಕ್ಸ್ಚರ್ ಕಲಸಿ ಸೀಸೆಗೆ ತುಂಬುವುದು ಅವನ ಕೆಲಸ. ದಾರಿಯಲ್ಲಿ ಯಾರಾದರೂ ಸೀನಿದರೂ ‘ಎಲ್ಲಿ, ನಾಲಿಗೆ ತೆಗಿ’ ಎನ್ನುವಷ್ಟು ಅದು ತಲೆಗೇರಿತ್ತು. ಇನ್ನೊಬ್ಬನ ಮನೆಯವರದು ಮಂಡಕ್ಕಿ ಭಟ್ಟಿ. ಬುದ್ಧಿ ಬಂದಾಗಿನಿಂದ ಕಾದ ಮರಳಿನ ಮುಂದೆ ನಿಂತು ಹುರಿದವನು, ಚೀಲ ಹೊತ್ತವನು. ಅಗಲವಾದ ಬೆನ್ನು, ಬಹಳ ಕಡಿಮೆ ಮಾತು. ನಾನು ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ರಾಜ್ಯವೆಲ್ಲ ಒಂದಾಗಿ ಒಂದೆರಡು ವರ್ಷವಾಗಿತ್ತು. ನಮಗ್ಯಾರಿಗೂ ಇನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಇಂಥ ವಿಚಾರಗಳಿಗೆ ಅಡ್ಡ ಬರುವವರು ಮನೆಯಲ್ಲಿ ಇರಲಿಲ್ಲ.

“ಯಾರ ಹಂಗೂ ಇರಬಾರ್ದು,” ಎಂದು ನಾಯಕ ಮೊದಲ ದಿನವೇ ಶರತ್ತು ಹಾಕಿದ. “ಬಸ್ಸು ಹತ್ತಂಗಿಲ್ಲ, ಲಾರಿ ಹತ್ತಂಗಿಲ್ಲ, ನೆಂಟರ ಮನೀಗೆ ಹೋಗಂಗಿಲ್ಲ. ನಮ್ಮ ಸಾಮಾನು ನಾವೇ ಹೊರಬೇಕು. ನಮ್ಮ ಅಡಿಗಿ ನಾವೇ ಮಾಡ್ಕೋಬೇಕು.”

“ಅಡಿಗಿ ಯಾರಿಗೆ ಬರ್ತೈತೆ?” ಎಂದ ಕಾಂಪೌಂಡರ್.

ನಾಯಕ ಭಟ್ಟಿಯವನ ಕಡೆ ನೋಡಿದ. ಅಡಿಗೆಯ ವಿಚಾರ ಅಲ್ಲಿಗೆ ಮುಗಿಯಿತು. ಪಾತ್ರೆ, ಅಕ್ಕಿ, ಬೇಳೆ ಹೊರುವ ವಿಚಾರವೂ ಅದೇ ನೋಟದಲ್ಲಿ ಮುಗಿದಿತ್ತೆಂದು ನಮಗೆ ಆಮೇಲೆ ಗೊತ್ತಾಯಿತು.

ಮೈ ಪಳಗಬೇಕೆಂದು ದಿನಾ ಬೆಳಿಗ್ಗೆ ಒಂದು ಸುತ್ತು ಹೋಗತೊಡಗಿದೆವು. ಆಗ ನಿಟ್ಟುವಳ್ಳಿ, ಶಾಮನೂರು ಎರಡೂ ಊರಿನಿಂದ ಹೊರಗಿದ್ದ ಹಳ್ಳಿಗಳು. ನಾಯಕ ಖಾಕಿ ಚಡ್ಡಿ, ಮೊಣಕಾಲುದ್ದದ ಕಾಲುಚೀಲ, ತಲೆಗೆ ಸಾಹೇಬರ ಟೋಪಿ ಹಾಕಿಕೊಂಡು ಮುಂದೆ ಹೋಗುತ್ತಿದ್ದ. ಹೊಲದ ಬದುವಿನ ಮೇಲೆ ನಿಂತ ಶಾಮನೂರಿನ ಹಿರಿಯರೊಬ್ಬರು ಒಂದು ವಾರ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾರದೆ ನಮ್ಮನ್ನು ನಿಲ್ಲಿಸಿ ಕೇಳಿದರು: “ದಿನಾ ಬರ್ತೀರಿ, ಬರಿಗೈಲೆ ಹೋಗ್ತೀರಿ. ಏನ್ ಕಳಕೊಂಡೀರಪ್ಪ? ಎತ್ತಾ, ಎಮ್ಮಿಯಾ?”

“ನಾವು ಕೊಡಚಾದ್ರಿಗೆ ಹೊಂಟೀವಿ ಯಜಮಾನ್ರೆ,” ಎಂದ ನಾಯಕ.

“ಹಂಗಾದ್ರೆ ದಾರಿ ತಪ್ಪೀರಿ,” ಎಂದು ಅವರು ಬಹಳ ಮರುಕದಿಂದ ಪಡುವಣ ದಿಕ್ಕಿಗೆ ಕೈ ತೋರಿಸಿದರು.

ದೀಪಾವಳಿ ಕಳೆದ ಮೇಲೆ ಹೊರಡುವುದೆಂದಾಯಿತು. ನಾಯಕ ಅದಕ್ಕೊಂದು ಸಮಾರಂಭ ಏರ್ಪಡಿಸಿದ್ದ. ಅವರಪ್ಪನಿಗೆ ಬೇಕಾದ ಸಾವ್ಕಾರರೊಬ್ಬರು ಹಾರ ಹಾಕಲು ಒಪ್ಪಿದ್ದರು. ಮನೆಯಿಂದ ಅಂಗಡಿಗೆ ಹೋಗಲೂ ಕುದುರೆಗಾಡಿ ಹತ್ತುತ್ತಿದ್ದ ಆ ದೊಡ್ಡ ದೇಹದವರು, ಮನುಷ್ಯನಿಗೆ ಕಾಲು ಇರುವುದೇ ತುಳಿಯಲಿಕ್ಕೆ ಎಂದು ಬಹಳ ಹೊತ್ತು ಮಾತಾಡಿದರು. ವಿಶಾಲ ರಾಜ್ಯ, ತರುಣ ಶಕ್ತಿ, ಪರ್ವತ ಎಲ್ಲವೂ ಬಂದವು. ಕೊಡಚಾದ್ರಿಯ ಹೆಸರನ್ನು ಎರಡು ಸಲ ಸಹ್ಯಾದ್ರಿ ಎಂದೂ ಒಂದು ಸಲ ಹಿಮಾದ್ರಿ ಎಂದೂ ಹೇಳಿದರು. ಹಿಮಾದ್ರಿ ಎಂದಾಗ ಚಪ್ಪಾಳೆ ಹೆಚ್ಚು ಬಿತ್ತು. ಅಷ್ಟರಲ್ಲಿ ಬಿಸಿಲೇರಿ, ಕಾಂಪೌಂಡರನ ಹಳೆಯ ಸೈಕಲ್‌ನ ಹಿಂದಿನ ಟ್ಯೂಬು ಸಭೆಯ ನಡುವೆಯೇ ಢಬ್ ಎಂದಿತು. ಸಾವ್ಕಾರರು ಅದನ್ನು ಪಟಾಕಿ ಎಂದುಕೊಂಡು ಕೈ ಮುಗಿದು ಭಾಷಣ ಮುಗಿಸಿದರು. ಅಂದು ಆ ಟ್ಯೂಬು ಮಾಡಿದ ಉಪಕಾರವನ್ನು ಮರೆಯುವ ಹಾಗಿಲ್ಲ.

ಪಂಕ್ಚರ್ ಹಾಕಿಕೊಂಡು ಹರಿಹರ ತಲುಪುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಪೇಟೆಯ ಬಾಯಲ್ಲೇ ನಾಯಕನ ಅಕ್ಕ ರಸ್ತೆಗೆ ಅಡ್ಡ ನಿಂತಿದ್ದರು. ಅವರನ್ನು ಹರಿಹರಕ್ಕೆ ಕೊಟ್ಟಿದ್ದರು. ತಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಅವನಿಗೆ ಚಡ್ಡಿ ತೊಡಿಸಿ ಬೆಳೆಸಿದವರಾದ್ದರಿಂದ ಈಗಿನ ಖಾಕಿ ಚಡ್ಡಿಯ ಬಗ್ಗೆ ಅವರಿಗೆ ವಿಶೇಷ ಗೌರವವೇನೂ ಇರಲಿಲ್ಲ.

“ಇಳಿರಿ ಕೆಳಗೆ. ಕೈಕಾಲು ತೊಳಕೊಂಡು ಊಟಕ್ಕೆ ಬರ್ರಿ,” ಎಂದರು.

“ಇಲ್ಲಕ್ಕ, ನೆಂಟರ ಮನೀಗೆ ಹೋಗಂಗಿಲ್ಲ ಅಂತ ನಿಯಮ ಮಾಡ್ಕೊಂಡೀವಿ. ನಾವೇ ಬಯಲಾಗೆ ಅಡಿಗಿ ಮಾಡ್ಕೊಂಡು...”

“ನಾವೇ ಅಂದ್ರೆ ಯಾರು? ನೀನಾ?” ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಕ್ಕಿ ಚೀಲ, ಪಾತ್ರೆ, ಕಂಬಳಿ, ಪಂಪು ಎಲ್ಲ ಕಟ್ಟಿಕೊಂಡು ಸಂತೆಗೆ ಹೊರಟವನಂತಿದ್ದ ಭಟ್ಟಿಯವನನ್ನು ನೋಡಿದರು. “ಹ್ಞೂ, ಗೊತ್ತಾತು. ಚೀಲ ಹೊತ್ತ ತಮ್ಮಾ, ನೀನು ಬಾ. ಈ ನಿಯಮದೋನು ಬೇಕಾದ್ರೆ ಹೊಳೆದಂಡಿಗೆ ಕೂತು ಉಪವಾಸ ಮಾಡ್ಲಿ.”

ನಾಯಕ ಸ್ವಲ್ಪ ಯೋಚಿಸಿ, ಅಕ್ಕ ನೆಂಟರ ಲೆಕ್ಕಕ್ಕೆ ಬರುವುದಿಲ್ಲ, ಸ್ವಂತದವರು ಎಂದು ತೀರ್ಪು ಕೊಟ್ಟ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಉಂಡ ಮೇಲೆ ಒಂದು ಗಳಿಗೆ ಒರಗಿದವರು ಕಣ್ಣು ಬಿಟ್ಟಾಗ ಸಂಜೆ. ಕಾಂಪೌಂಡರ್ ಎಚ್ಚರವಾಗಿಯೇ ಇದ್ದ, ಆದರೆ ಕೂರುವ ಸ್ಥಿತಿಯಲ್ಲಿರಲಿಲ್ಲ. ಸೀಟಿಗೆ ಉಜ್ಜಿ ಎದ್ದಿದ್ದ ಗುಳ್ಳೆಗಳಿಗೆ, ನಾಲ್ವರಿಗೂ ಆಗಲೆಂದು ತಂದಿದ್ದ ಮುಲಾಮು, ಪಟ್ಟಿ ಎಲ್ಲವನ್ನೂ ಬಾಗಿಲು ಹಾಕಿಕೊಂಡು ತಾನೊಬ್ಬನೇ ಖರ್ಚು ಮಾಡಿದ್ದ. ಹೀಗಾಗಿ ತರುಣ ಶಕ್ತಿ ಆ ದಿನ ಹರಿಹರದ ಆಚೆಗೆ ಹೋಗಲಿಲ್ಲ.

ಮರುದಿನದಿಂದ ಹೊಳೆಯ ಮಗ್ಗುಲಿನ ದಾರಿ ಹಿಡಿದು ಹೊನ್ನಾಳಿ, ಶಿವಮೊಗ್ಗ, ಅಲ್ಲಿಂದ ಹೊಸನಗರದ ಕಡೆಗೆ ಹೋದೆವು. ಆಗಿನ ರಸ್ತೆಗಳು ಹೇಗಿದ್ದವೆಂದರೆ, ಇಳಿಜಾರಿನಲ್ಲೂ ತುಳಿಯಬೇಕಿತ್ತು. ಪಂಕ್ಚರ್ ಆದಾಗಲೆಲ್ಲ ನಾಯಕ ಮರದ ನೆರಳಿಗೆ ಹೋಗಿ, ಶಾಲೆಯ ಅಟ್ಲಾಸಿನಿಂದ ಹರಿದು ತಂದಿದ್ದ ಹಾಳೆಯನ್ನು ಬಿಡಿಸಿ ಗಂಭೀರವಾಗಿ ನೋಡುತ್ತಿದ್ದ. ಅದರಲ್ಲಿ ಭಾರತ ಪೂರ್ತಿ ಇತ್ತು. ಶಿವಮೊಗ್ಗ ಒಂದು ಸಾಸಿವೆಯಷ್ಟು ಚುಕ್ಕಿ, ಕೊಡಚಾದ್ರಿ ಇರಲೇ ಇಲ್ಲ. ಭಟ್ಟಿಯವನು ಟೈರು ಬಿಚ್ಚಿ, ತೂತು ಹುಡುಕಿ, ಸೊಲ್ಯೂಷನ್ ಹಚ್ಚಿ, ಗಾಳಿ ಹೊಡೆದು ಮುಗಿಸಿದ ಕೂಡಲೇ ಹಾಳೆ ಮಡಚಿ “ಹೊರಡ್ರಿ” ಎನ್ನುತ್ತಿದ್ದ.

ಆದರೂ ಆ ದಿನಗಳನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಬೆಳಗಿನ ಚಳಿಯಲ್ಲಿ ನಾಲ್ಕು ಚೈನುಗಳ ಸದ್ದು, ಕಲ್ಲುಗುಂಡು ಇಟ್ಟು ಹೂಡಿದ ಒಲೆಯ ಹೊಗೆ, ಅರೆಬೆಂದ ಅನ್ನಕ್ಕೆ ಮಂಡಕ್ಕಿ ಸೇರಿಸಿ ಹೊಟ್ಟೆ ತುಂಬಿಸಿಕೊಂಡದ್ದು. ಬಯಲುಸೀಮೆಯ ನಮಗೆ ಅಷ್ಟು ದಟ್ಟವಾದ ಕಾಡು ಹೊಸದು. ಭಟ್ಟಿಯವನು ಏರಿನಲ್ಲಿ ಸೈಕಲ್ ನೂಕುತ್ತಾ ತಲೆಯೆತ್ತಿ ಮರಗಳ ತುದಿ ನೋಡುತ್ತಿದ್ದ. “ಏನ್ ಎತ್ರ ಐತಲೇ!” ಎಂದು ದಿನಕ್ಕೆ ಒಂದೆರಡು ಸಲ ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಬೆಟ್ಟದ ಬುಡದ ಹಳ್ಳಿ ತಲುಪಿ, ಒಬ್ಬರ ಕೊಟ್ಟಿಗೆಯಲ್ಲಿ ಸೈಕಲ್ ನಿಲ್ಲಿಸಿದೆವು. ಮುಂದೆ ಕಾಲುದಾರಿ. ಆಗ ನಾಯಕ ತನ್ನ ಸೈಕಲ್ಲನ್ನು ಮತ್ತೆ ಹೊರಗೆ ಎಳೆದ.

“ಇದು ಮೇಲೆ ಬರಬೇಕು.”

“ಯಾಕ?” ಎಂದೆ ನಾನು.

“ಫೋಟೋ! ಬರೀ ನಾಲ್ಕು ಜನ ಬೆಟ್ಟದ ಮೇಲೆ ನಿಂತ್ರೆ ಯಾತ್ರೆಗೆ ಹೋದೋರ ಹಂಗೆ ಕಾಣ್ತೀವಿ. ಸೈಕಲ್ ಇದ್ರೆ ಸಾಹಸ.”

ಸರದಿ ಮೇಲೆ ಹೊರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ನಾಯಕನದು. ಅದು ಮೊದಲನೆಯ ತಿರುವಿನ ತನಕ ನಡೆಯಿತು. ಎರಡನೆಯದು ನನ್ನದು. ಪೆಡ್ಲು ಪಕ್ಕೆಗೆ ತಿವಿಯುತ್ತಿತ್ತು, ಹ್ಯಾಂಡಲ್ಲು ಪ್ರತಿ ಬಳ್ಳಿಗೂ ಸಿಕ್ಕಿಕೊಳ್ಳುತ್ತಿತ್ತು. ಮರ್ಯಾದೆ ಉಳಿಯುವಷ್ಟು ದೂರ ಹೊತ್ತೆ. ಕಾಂಪೌಂಡರ್ ತನ್ನ ಗುಳ್ಳೆಗಳ ಕಾರಣ ಹೇಳಿ ತಪ್ಪಿಸಿಕೊಂಡ. ಗುಳ್ಳೆ ಇರುವ ಜಾಗಕ್ಕೂ ಸೈಕಲ್ ಹೊರುವ ಹೆಗಲಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ನರಗಳ ವಿಚಾರ ನಿನಗೆ ಗೊತ್ತಾಗುವುದಿಲ್ಲ ಎಂದ. ಅಲ್ಲಿಂದ ಮುಂದೆ ಭಟ್ಟಿಯವನೇ ಅದನ್ನು ಚೀಲ ಹೊತ್ತಂತೆ ಬೆನ್ನ ಮೇಲೆ ಹಾಕಿಕೊಂಡು ನಡೆದ. ನಾಯಕ ಮುಂದೆ ಕೈಬೀಸಿಕೊಂಡು ಹೋಗುತ್ತಾ, “ಬಣ್ಣ ಜ್ವಾಕಿ, ಮಡ್‌ಗಾರ್ಡ್ ಜ್ವಾಕಿ,” ಎನ್ನುತ್ತಿದ್ದ.

ನಡುವೆ ಗುಡಿಯೊಂದು, ಅದರ ಪಕ್ಕ ಅರ್ಚಕರ ಮನೆ. ರಾತ್ರಿ ಅಲ್ಲೇ ಉಳಿದೆವು. ಹೊತ್ತುಕೊಂಡು ಬಂದದ್ದನ್ನು ಅರ್ಚಕರು ದೀಪ ಹಿಡಿದು ನೋಡಿ, “ಇದು ನಿಮ್ಮನ್ನು ಹೊರೋದಲ್ವಾ?” ಎಂದು ಒಂದೇ ಒಂದು ಮಾತು ಕೇಳಿದರು.

ಬೆಳಿಗ್ಗೆ ತುದಿಗೆ ಹೊರಟಾಗ ಮಂಜು ಎಷ್ಟು ಕವಿದಿತ್ತೆಂದರೆ ಮುಂದಿನವನ ಬೆನ್ನಷ್ಟೇ ಕಾಣುತ್ತಿತ್ತು. ಕಾಲುದಾರಿಯ ಎರಡೂ ಕಡೆ ಬರೀ ಬೆಳ್ಳಗೆ. ಅಲ್ಲಿ ಏನಿದೆಯೆಂದು ನಾವು ಯೋಚಿಸಲೂ ಇಲ್ಲ. ತುದಿಯಲ್ಲಿ ಒಂದು ಪುಟ್ಟ ಕಲ್ಲಿನ ಮಂಟಪ. ನಾಯಕ ಟೋಪಿ ಸರಿಮಾಡಿಕೊಂಡು, ಭಟ್ಟಿಯವನ ಬೆನ್ನಿನಿಂದ ಸೈಕಲ್ ಇಳಿಸಿಕೊಂಡು ಮಂಟಪದ ಮುಂದೆ ನಿಂತ. ಅವನು ಕೊರಳಿಗೆ ಹಾಕಿಕೊಂಡು ತಂದಿದ್ದ ಡಬ್ಬಿ ಕ್ಯಾಮೆರಾ ನನ್ನ ಕೈಗೆ ಬಂತು. ಭಟ್ಟಿಯವನನ್ನು ಚಿತ್ರದಲ್ಲಿ ಕಾಣದ ಹಾಗೆ ಪಕ್ಕಕ್ಕೆ ನಿಲ್ಲಿಸಿ, ಜಾರದಂತೆ ಹಿಂದಿನ ಗಾಲಿ ಹಿಡಿದುಕೊಳ್ಳಲು ಹೇಳಿದ. ನಾನು ತಲೆ ತಗ್ಗಿಸಿ ಕ್ಯಾಮೆರಾದ ಸಣ್ಣ ಗಾಜಿನಲ್ಲಿ ಅವನ ನಗುವನ್ನು ಹುಡುಕುತ್ತಿದ್ದೆ.

ಆ ಹೊತ್ತಿಗೆ ಗಾಳಿ ಬೀಸಿತು.

“ಸಮುದ್ರ!” ಎಂದ ಭಟ್ಟಿಯವನು. ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಎಂದೂ ಕೇಳಿರಲಿಲ್ಲ. “ಅಗಾ ನೋಡ್ರಲೇ, ಅಲ್ಲಿ! ಸಮುದ್ರ ಅದು!”

“ಮೊದ್ಲು ಗಾಲಿ ಹಿಡಿ ನೀನು,” ಎಂದು ಬೈಯುತ್ತಾ ನಾಯಕ ಅತ್ತ ತಿರುಗಿದ. ಅವನಿಗೆ ಸಮುದ್ರ ಕಾಣಲಿಲ್ಲ. ಮಂಜು ಸರಿದ ಜಾಗದಲ್ಲಿ, ತನ್ನ ಬೂಟಿನ ಮುಂದೆ ಸ್ವಲ್ಪ ದೂರಕ್ಕೆ ನೆಲವೇ ಮುಗಿದು, ಎಲ್ಲೋ ಪಾತಾಳದಲ್ಲಿ ಕಾಡು ಹಸಿರು ಕಂಬಳಿಯಂತೆ ಹಾಸಿರುವುದು ಕಂಡಿತು. ಅವನ ಕೈಯಿಂದ ಹ್ಯಾಂಡಲ್ಲು ಜಾರಿತು. ಮೊಣಕಾಲೂರಿ ಕುಸಿದವನು, ಅಂಬೆಗಾಲಿಟ್ಟು ಹೋಗಿ ಮಂಟಪದ ಕಂಬವನ್ನು ತಬ್ಬಿಕೊಂಡ. ಕಾಂಪೌಂಡರ್ ಓಡಿಹೋಗಿ, “ನಾಲಿಗೆ ತೆಗಿ,” ಎಂದ. ನಾಯಕ ಹಲ್ಲು ಕಚ್ಚಿಕೊಂಡಿದ್ದ. ನಾನು ಕ್ಯಾಮೆರಾ ಬಿಟ್ಟು ಅವನ ಹತ್ತಿರ ಹೋದೆ. ಸಮುದ್ರವನ್ನು ನೋಡಿದವನು ಭಟ್ಟಿಯವನೊಬ್ಬನೇ. ನಾನು ತಲೆಯೆತ್ತುವಷ್ಟರಲ್ಲಿ ಮತ್ತೆ ಮಂಜು ಮುಚ್ಚಿತ್ತು.

ಎಷ್ಟು ಹೇಳಿದರೂ ನಾಯಕ ಕಂಬ ಬಿಡಲಿಲ್ಲ. ಏಳು ಎಂದರೆ ಏಳಲಿಲ್ಲ, ಕಣ್ಣೂ ತೆರೆಯಲಿಲ್ಲ. “ಬಿದ್ ಹೋಗ್ತೀನಲೇ, ಬಿದ್ ಹೋಗ್ತೀನಿ,” ಎಂದು ಕಂಬಕ್ಕೇ ಹೇಳಿಕೊಳ್ಳುತ್ತಿದ್ದ. ನಾವಿಬ್ಬರು ಕೈಹಿಡಿದು ಎಳೆದರೆ ಕಿರುಚಿದ. ಕೊನೆಗೆ ಭಟ್ಟಿಯವನು ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

“ನೋಡು, ಇಳಿಯೋ ದಾರಿ ಸಣ್ಣದೈತೆ. ನಿನ್ನ ಹೊರಬೇಕೋ, ನಿನ್ನ ಸೈಕಲ್ ಹೊರಬೇಕೋ, ಒಂದು ಹೇಳು. ಎರಡೂ ಆಗಂಗಿಲ್ಲ.”

ನಾನು ಎದುರಿಗೇ ಇದ್ದೆ, ನೋಡಿದ್ದೇನೆ. ಕಣ್ಣು ಮುಚ್ಚಿಕೊಂಡೇ ಅವನು ಯೋಚಿಸಿದ. ಹೊಸ ಸೈಕಲ್, ಡೈನಮೋ ದೀಪ. ಆಮೇಲೆ ಸಣ್ಣ ದನಿಯಲ್ಲಿ, “ನನ್ನ,” ಎಂದ.

ಮಂಡಕ್ಕಿ ಚೀಲದಂತೆ ಅವನನ್ನು ಬೆನ್ನಿಗೇರಿಸಿಕೊಂಡು ಭಟ್ಟಿಯವನು ಇಳಿದ. ಸೈಕಲ್ಲನ್ನು ನಾವಿಬ್ಬರು ತರಬೇಕಿತ್ತು. ನಾಲ್ಕು ಹೆಜ್ಜೆ ಇಟ್ಟು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅದನ್ನು ಮಂಟಪಕ್ಕೆ ಒರಗಿಸಿ ಬಂದೆವು. ಕೆಳಗೆ ಗುಡಿಯ ಹತ್ತಿರ, “ಸೈಕಲ್ ಮೇಲೇ ಇದೆ, ಕಳ್ಳರ ಭಯ ಇದೆಯೇ?” ಎಂದು ಕಾಂಪೌಂಡರ್ ಕೇಳಿದ.

“ಏನೂ ಭಯ ಬೇಡಿ,” ಎಂದರು ಅರ್ಚಕರು. “ಅದನ್ನ ಹೊತ್ಕೊಂಡು ಓಡಾಡೋಕೆ ನಿಮ್ಮಂಥವರೇ ಇನ್ನೊಬ್ಬರು ಬರ್ಬೇಕಷ್ಟೆ.”

ಇನ್ನು ನಾಲ್ವರಿಗೆ ಮೂರು ಸೈಕಲ್. ನಾಯಕ ಭಟ್ಟಿಯವನ ಕ್ಯಾರಿಯರ್ ಮೇಲೆ, ಅಕ್ಕಿ ಚೀಲ ಇದ್ದ ಜಾಗದಲ್ಲಿ ಕೂತ. ಹೊಸನಗರ ತಲುಪುವಷ್ಟರಲ್ಲಿ ಅವನಿಗೆ ಮಾತು ಮರಳಿತ್ತು. ಅಲ್ಲಿ ಹರಿಹರದ ಕಡೆ ಹೋಗುವ ಮರದ ದಿಮ್ಮಿಯ ಲಾರಿಯೊಂದನ್ನು ಅವನೇ ನಿಲ್ಲಿಸಿದ. ಲಾರಿ ಹತ್ತಬಾರದೆಂಬ ನಿಯಮ ಹೋಗುವಾಗಿನದು, ಬರುವಾಗಿನದಲ್ಲ ಎಂದು ವಿವರಿಸಿದ. ದಿಮ್ಮಿಗಳ ಮೇಲೆ ಸೈಕಲ್ ಕಟ್ಟಿ, ಅವುಗಳ ನಡುವೆ ನಾವು ಸಿಕ್ಕಿಕೊಂಡು ಕೂತೆವು. ಹರಿಹರದ ಹೊರಗೆ ಇಳಿದು, ಅಲ್ಲಿಂದ ದಾವಣಗೆರೆಗೆ ತುಳಿದುಕೊಂಡೇ ಹೋಗುವುದು ಅವನ ಲೆಕ್ಕ.

ಲಾರಿ ನಿಂತದ್ದು ಸರಿಯಾಗಿ ಅವನ ಅಕ್ಕ ಹೊಳೆಯಿಂದ ಒಗೆದ ಬಟ್ಟೆ ಹೊತ್ತು ಬರುತ್ತಿದ್ದ ದಾರಿಯಲ್ಲಿ. ದಿಮ್ಮಿಯ ಮೇಲಿಂದ ತಮ್ಮನು ಕೆಳಗೆ ನೋಡದೆ, ಕಣ್ಣು ಮುಚ್ಚಿಕೊಂಡು ಇಳಿಯುವುದನ್ನು ಅವರು ನಿಂತು ನೋಡಿದರು.

“ಬೆಟ್ಟ ಹೆಂಗಿತ್ತು?” ಎಂದು ತಮ್ಮನನ್ನು ಬಿಟ್ಟು ಭಟ್ಟಿಯವನನ್ನು ಕೇಳಿದರು.

“ಭಾಳ ಚೆಂದ ಇತ್ತಕ್ಕ. ಸಮುದ್ರ ಕಾಣ್ತು.”

“ಇವನಿಗೆ ಏನ್ ಕಾಣ್ತು?”

ಭಟ್ಟಿಯವನು ನಕ್ಕು, ದಿಮ್ಮಿಯ ಮೇಲಿನ ಸೈಕಲ್ ಬಿಚ್ಚತೊಡಗಿದ. ಅಂದು ಊಟಕ್ಕೆ ಕೂತಾಗ ಮೊದಲ ರೊಟ್ಟಿ, ಮೊದಲ ತುಪ್ಪ ಭಟ್ಟಿಯವನ ತಟ್ಟೆಗೆ ಬಿತ್ತು.

ದಾವಣಗೆರೆಯೊಳಗೆ ಹೋಗುವಾಗ ಮುಂದಿರಬೇಕಾದವನಿಗೆ ಸೈಕಲ್ ಬೇಕಲ್ಲ. ನನ್ನದನ್ನು ನಾಯಕ ತೆಗೆದುಕೊಂಡ. ನಾನು ಕಾಂಪೌಂಡರನ ಹಿಂದೆ ಕೂತೆ. ಸಾವ್ಕಾರರು ಜನ ಸೇರಿಸಿ, ಹಾರ ತರಿಸಿ ಕಾಯುತ್ತಿದ್ದರು. ಭಟ್ಟಿಯವನು ಸಭೆಗೆ ಬರಲಿಲ್ಲ. ಮನೆಯಲ್ಲಿ ಕೆಲಸ ನಿಂತಿತ್ತು, ನೇರವಾಗಿ ಹೋಗಿ ಒಲೆಗೆ ಬೆಂಕಿ ಹಾಕಿದ್ದ. ನಾಯಕ ಭಾಷಣ ಮಾಡಿದ. ಮಂಜಿನಲ್ಲಿ ದಾರಿ ಕಾಣದೆ ಸಂಗಡಿಗರು ಕಂಗೆಟ್ಟದ್ದು, ತಾನು ಧೈರ್ಯ ತುಂಬಿದ್ದು, ಬಳ್ಳಿ ಹಿಡಿದು ಏರಿದ್ದು. ನಾನೂ ಆ ಕಂಗೆಟ್ಟ ಸಂಗಡಿಗರಲ್ಲಿ ಒಬ್ಬನಾಗಿ, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು, ಗಂಭೀರವಾಗಿ ಕೂತು ಕೇಳಿದೆ. ಕೇಳಲು ಬಹಳ ರೋಚಕವಾಗಿತ್ತು.

“ಅದೆಲ್ಲ ಸರಿ, ನಿನ್ನ ಸೈಕಲ್ ಎಲ್ಲೈತಪ್ಪ?” ಎಂದರು ಸಾವ್ಕಾರರು.

ನಾಯಕ ಕೊರಳ ಹಾರ ಸರಿಮಾಡಿಕೊಂಡ. ಆಮೇಲೆ ತಲೆಯೆತ್ತಿ, “ಬೆಟ್ಟದ ತುದಿಗೆ ಬಿಟ್ಟು ಬಂದೀನಿ. ನಮ್ಮೂರಿನ ಗುರುತು ಅಲ್ಲೊಂದು ಇರ್ಲಿ ಅಂತ,” ಎಂದ.

ಸಾವ್ಕಾರರ ಕಣ್ಣು ತುಂಬಿದವು. “ತ್ಯಾಗ ಅಂದ್ರೆ ಇದು!” ಎಂದು ಎದ್ದು ನಿಂತರು. ಹಿಮಾದ್ರಿಗೆ ಬಿದ್ದದ್ದಕ್ಕಿಂತಲೂ ಜೋರಾಗಿ ಚಪ್ಪಾಳೆ ಬಿತ್ತು. ಭಟ್ಟಿಯವನಿಗೆಂದು ತಂದಿದ್ದ ಹಾರ ಉಳಿದಿತ್ತು. ಅದನ್ನೂ ನಾಯಕನ ಕೊರಳಿಗೇ ಹಾಕಿದರು.

ಮಾರನೆಯ ದಿನ ನಾಯಕ ಭಟ್ಟಿಗೆ ಬಂದ. ನಾನೂ ಅಲ್ಲೇ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಸುತ್ತಿ ಬಳಸಿ ಮಾತಾಡಿ, ಕೊನೆಗೆ, “ಮೇಲೆ ಆಗಿದ್ದನ್ನ ಯಾರ ಮುಂದೂ ಆಡ್ಬ್ಯಾಡ,” ಎಂದ.

“ನಾನ್ಯಾಕ ಆಡ್ಲಿ,” ಎಂದ ಭಟ್ಟಿಯವನು ಕಾದ ಮರಳು ತಿರುವುತ್ತಾ. “ಆದ್ರೆ ಮುಂದ್ಲ ಸಲ ನನ್ನ ಕರೀಬ್ಯಾಡ.”

ಮುಂದಿನ ಸಲ ನಾನೂ ಭಟ್ಟಿಯವನೂ ಇಬ್ಬರೇ ಹೋದೆವು. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆಮೇಲೂ ಸುಗ್ಗಿ ಮುಗಿದಾಗ, ಗಿರಣಿಗೆ ರಜೆ ಸಿಕ್ಕಾಗ, ಬೇರೆ ಬೇರೆ ಬೆಟ್ಟಗಳಿಗೆ ಹೋಗಿಬಂದೆವು. ನಾಯಕ ಮತ್ತೆ ಸೈಕಲ್ ತುಳಿದದ್ದನ್ನು ನಾನು ನೋಡಲಿಲ್ಲ. ಆ ಒಂದು ಬೆಟ್ಟದ ಬಲದ ಮೇಲೆ ಮುನಿಸಿಪಾಲಿಟಿ ಚುನಾವಣೆ ಗೆದ್ದ. ಯಾವ ಸಮಾರಂಭಕ್ಕೆ ಹೋದರೂ ಕೊಡಚಾದ್ರಿ ಏರುತ್ತಿದ್ದ. ಸಲದಿಂದ ಸಲಕ್ಕೆ ಬೆಟ್ಟ ಎತ್ತರವಾಗುತ್ತಿತ್ತು.

ಕೆಲವು ವರ್ಷದ ಮೇಲೆ ಭಟ್ಟಿಯವನಿಗೆ ಹೆಣ್ಣು ನೋಡಲು ನಾನೂ ಕಾಂಪೌಂಡರನೂ ಜೊತೆಗೆ ಹರಿಹರಕ್ಕೆ ಹೋದೆವು. ಊರಿನಲ್ಲಿ ಹೆಸರಿದ್ದವನೆಂದು ಭಟ್ಟಿಯವನ ಮನೆಯ ಹಿರಿಯರು ನಾಯಕನನ್ನೂ ಕರೆದುಕೊಂಡು ಬಂದಿದ್ದರು. ಹುಡುಗಿಯ ತಂದೆಗೆ ಒಂದೇ ಚಿಂತೆ.

“ಹುಡುಗ ಮಾತೇ ಆಡಲ್ಲ. ಹೆಂಗ್ರಿ, ಧೈರ್ಯ ಗೀರ್ಯ ಐತಾ?” ಎಂದು ಅವರು ನಾಯಕನನ್ನು ಕೇಳಿದರು.

“ಅಯ್ಯೋ, ನೀವೇನು ಚಿಂತಿ ಮಾಡಬ್ಯಾಡ್ರಿ,” ಎಂದು ನಾಯಕ ಅವನ ಬೆನ್ನು ತಟ್ಟಿದ. “ಇವನು ನನ್ನ ಜೊತೆ ಕೊಡಚಾದ್ರಿ ಹತ್ತಿದೋನು. ಇಳಿವಾಗ ಸ್ವಲ್ಪ ಹೆದರಿಕೊಂಡಿದ್ದ, ಅಷ್ಟೆ. ನಾನೇ ಬೆನ್ನ ಮೇಲೆ ಹೊತ್ಕೊಂಡು ಇಳಿಸ್ದೆ.”

ನನ್ನ ಬಾಯಲ್ಲಿದ್ದ ಉಪ್ಪಿಟ್ಟು ನೆತ್ತಿಗೇರಿತು. ಕಾಂಪೌಂಡರ್ ಓಡಿಬಂದು ನನ್ನ ತಲೆ ತಟ್ಟಿದ. ಭಟ್ಟಿಯವನು ಮಾತ್ರ ಅಲ್ಲಾಡಲಿಲ್ಲ. ತಟ್ಟೆ ನೋಡಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ. ಇಷ್ಟು ದೊಡ್ಡವರು ಹೊತ್ತು ಕಾಪಾಡಿದ ಹುಡುಗ ಎಂದು ಹುಡುಗಿಯ ತಂದೆಗೆ ಬಹಳ ಸಮಾಧಾನವಾಯಿತು. ಅಂದೇ ಎಲೆ ಅಡಿಕೆ ಬದಲಾಯಿಸಿದರು.

ಉಳಿದವರನ್ನೆಲ್ಲ ಬಸ್ಸಿಗೆ ಹತ್ತಿಸಿ ನಾವಿಬ್ಬರೂ ಸೈಕಲ್ ಮೇಲೆ ಹೊರಟೆವು. ನನಗೆ ಸಿಟ್ಟು ಇಳಿದಿರಲಿಲ್ಲ.

“ನಿಂಗೆ ನಾಚಿಕಿ ಆಗಲ್ಲೇನಲೇ? ಅಷ್ಟು ದೊಡ್ಡ ಸುಳ್ಳು ಹೇಳ್ತಾನೆ, ನೀನು ಉಪ್ಪಿಟ್ಟು ತಿಂತಿಯಲ್ಲ!”

ಅವನು ಎದುರಿಗೆ ಬಂದ ಎತ್ತಿನಗಾಡಿಗೆ ದಾರಿ ಬಿಟ್ಟು, ಮತ್ತೆ ನನ್ನ ಪಕ್ಕಕ್ಕೆ ಬಂದ.

“ಹೆಣ್ಣು ಚೆಂದ ಐತೆ,” ಎಂದ.